ವಾರ್ಡಿನ ಮೊದಲ ತಿಂಗಳು: ನರ್ಸಿಂಗ್ ವಿದ್ಯಾರ್ಥಿಗಳ ಪ್ರಶ್ನೆ, ನಮ್ಮ ಉತ್ತರ

ಸ್ಕಿಲ್ ಲ್ಯಾಬ್ ಮುಗಿಸಿ ಮೊದಲ ಬಾರಿಗೆ ವಾರ್ಡ್ ಪೋಸ್ಟಿಂಗ್‌ಗೆ ಹೊರಟಿರುವ ಬೆಂಗಳೂರಿನ ವಿದ್ಯಾರ್ಥಿಗಳೂ ಅವರ ಮನೆಯವರೂ ಕೇಳಿದ ಪ್ರಶ್ನೆಗಳಿಗೆ ಈ ಸಲ ನಮ್ಮ ನರ್ಸಿಂಗ್ ಬೋಧಕರು ಉತ್ತರಿಸಿದ್ದಾರೆ. ಹೆಚ್ಚಿನವರು ಕೇಳಿರುವುದು ಬಿಪಿ ಬಗ್ಗೆ. ಹಾಗಾಗಿ ಅದಕ್ಕೇ ಜಾಗ ಜಾಸ್ತಿ.

ಪ್ರಶ್ನೆ: ಲ್ಯಾಬಿನಲ್ಲಿ ಗೆಳತಿಯ ಬಿಪಿ ಸರಿಯಾಗಿ ಸಿಗುತ್ತದೆ. ವಾರ್ಡಿನಲ್ಲಿ ರೋಗಿಗೆ ಕಫ್ ಕಟ್ಟಿದರೆ ಶಬ್ದವೇ ಕೇಳಿಸುವುದಿಲ್ಲ. ಟ್ಯೂಟರ್ ಪಕ್ಕದಲ್ಲಿ ನಿಂತರಂತೂ ಮುಗಿಯಿತು. ಏನು ಮಾಡಲಿ?
– ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ, ಯಶವಂತಪುರ

ಮೊದಲು ಸ್ಟೆತ್ ನೋಡಿ. ಕಿವಿಗೆ ಹಾಕುವ ತುದಿಗಳು ಮೂಗಿನ ಕಡೆಗೆ, ಅಂದರೆ ಮುಂದಕ್ಕೆ ಬಾಗಿರಬೇಕು. ತಿರುವುಮುರುವಾಗಿ ಹಾಕಿಕೊಂಡರೆ ಅರ್ಧ ಶಬ್ದ ಅಲ್ಲೇ ಹೋಯಿತು. ಎರಡು ಮುಖದ ಸ್ಟೆತ್ ಆದರೆ ಡಯಾಫ್ರಮ್, ಅಂದರೆ ಅಗಲವಾದ ಚಪ್ಪಟೆ ಮುಖದ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಕೇಳಿಸದಿದ್ದರೆ ಇನ್ನೊಂದು ಬದಿಯ ಚಿಕ್ಕ ಬಟ್ಟಲು, ಅಂದರೆ ಬೆಲ್ ಬದಿ ತೆರೆದಿದೆ ಎಂದರ್ಥ, ತಿರುಗಿಸಿಕೊಳ್ಳಿ. ಮೊದಲ ವಾರ ಕಿವಿಯನ್ನು ದೂರುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ.

ಆಮೇಲೆ ಜಾಗ. ಕೈಯನ್ನು ಚಾಚಿಸಿ, ಅಂಗೈ ಮೇಲೆ ಮಾಡಿಸಿ, ಮೊಣಕೈ ಮಡಿಕೆಯ ಒಳಬದಿಯಲ್ಲಿ, ಅಂದರೆ ಕಿರುಬೆರಳಿನ ಕಡೆಗೆ, ಬ್ರೇಕಿಯಲ್ ನಾಡಿಯನ್ನು ಬೆರಳಲ್ಲಿ ಹುಡುಕಿ. ಹೊಸಬರು ನಾಡಿ ಹುಡುಕದೆ ಮಡಿಕೆಯ ನಟ್ಟನಡುವೆ ಸ್ಟೆತ್ ಇಟ್ಟುಬಿಡುತ್ತಾರೆ. ಕಫ್‌ನ ಕೆಳ ಅಂಚು ಮಡಿಕೆಯಿಂದ 2–3 ಸೆಂ.ಮೀ. ಮೇಲಿರಲಿ, ಸ್ಟೆತ್ತಿನ ತಲೆಯನ್ನು ಕಫ್ ಒಳಗೆ ತುರುಕಬೇಡಿ. ನೈಟಿ ತೋಳಿನ ಮೇಲೆ, ಸ್ವೆಟರ್ ಮೇಲೆ ಕಫ್ ಕಟ್ಟುವುದೂ ಬೇಡ.

ಇನ್ನು ಗಾಳಿ. ನೇರವಾಗಿ ಸ್ಟೆತ್ ಇಟ್ಟು ಊದಲು ಹೋಗಬೇಡಿ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಕಫ್ ಊದಿ, ನಾಡಿ ಯಾವ ಅಂಕಿಯಲ್ಲಿ ಮಾಯವಾಯಿತು ನೋಡಿಕೊಳ್ಳಿ. ಪೂರ್ತಿ ಗಾಳಿ ಬಿಟ್ಟು, ಒಂದು ನಿಮಿಷ ಬಿಟ್ಟು, ಆಗ ಸ್ಟೆತ್ ಇಟ್ಟು ಆ ಅಂಕಿಗಿಂತ 30 ಹೆಚ್ಚಿಗೆ ಊದಿ. ಈ ಮೊದಲ ಹಂತ ಬಿಟ್ಟರೆ ಒಂದು ಅಪಾಯವಿದೆ: ಕೆಲವು ಅಧಿಕ ರಕ್ತದೊತ್ತಡದ ರೋಗಿಗಳಲ್ಲಿ ಶಬ್ದ ಶುರುವಾಗಿ, ನಡುವೆ ಕೆಲ ಹೊತ್ತು ನಿಂತು, ಕೆಳಗೆ ಮತ್ತೆ ಕೇಳಿಸುತ್ತದೆ. 190 ಇರುವವರಿಗೆ ನೀವು 160ರವರೆಗಷ್ಟೇ ಊದಿದ್ದರೆ ಆ ಮೌನದೊಳಗೆ ಸಿಕ್ಕಿಕೊಂಡು 150 ಎಂದು ಬರೆದು ಬರುತ್ತೀರಿ.

ಸೆಕೆಂಡಿಗೆ 2–3 ಮಿ.ಮೀ. ವೇಗದಲ್ಲಿ ಇಳಿಸಿ. ಸರ್ರನೆ ಇಳಿಸಿದರೆ ಮೇಲಿನ ಅಂಕಿ ಕಡಿಮೆಯಾಗಿಯೂ ಕೆಳಗಿನದು ಹೆಚ್ಚಾಗಿಯೂ ಸಿಗುತ್ತದೆ. ಮೊದಲು ಕೇಳಿದ ಟಕ್ ಟಕ್ ಸಿಸ್ಟೋಲಿಕ್, ಶಬ್ದ ಪೂರ್ತಿ ನಿಂತ ಜಾಗ ಡಯಾಸ್ಟೋಲಿಕ್. ಅನುಮಾನ ಬಂತೆಂದು ನಡುದಾರಿಯಲ್ಲಿ ಮತ್ತೆ ಮೇಲಕ್ಕೆ ಊದಬೇಡಿ. ಕೈಯಲ್ಲಿ ರಕ್ತ ಕಟ್ಟಿಕೊಂಡು ಶಬ್ದ ಇನ್ನೂ ಮಂಕಾಗುತ್ತದೆ. ಪೂರ್ತಿ ಬಿಟ್ಟು, ಒಂದೆರಡು ನಿಮಿಷ ಕಾದು ಹೊಸದಾಗಿ ನೋಡಿ. ಆಗಲೂ ಮಂಕಾಗಿದ್ದರೆ ಆ ಕೈಯನ್ನು ಅರ್ಧ ನಿಮಿಷ ತಲೆಯ ಮೇಲಕ್ಕೆ ಎತ್ತಿ ಹಿಡಿಸಿ, ಎತ್ತಿದಂತೆಯೇ ಕಫ್ ಊದಿ, ಕೆಳಗಿಳಿಸಿ ಕೇಳಿ. ಶಬ್ದ ಎದ್ದು ಬರುತ್ತದೆ.

ಶಬ್ದ ಸಿಕ್ಕ ಮಾತ್ರಕ್ಕೆ ಅಂಕಿ ಸರಿ ಎನ್ನುವಂತಿಲ್ಲ. ಕಫ್ ಒಳಗಿನ ಬ್ಲ್ಯಾಡರ್ (ಗಾಳಿ ತುಂಬುವ ರಬ್ಬರ್ ಚೀಲ) ತೋಳಿನ ಸುತ್ತಳತೆಯ ಶೇ. 80ರಷ್ಟನ್ನು ಸುತ್ತಬೇಕು, ಅಗಲ ಶೇ. 40ರಷ್ಟಿರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಹಾಕಿದರೆ ಬಿಪಿ ಇಲ್ಲದ್ದು ಇದ್ದಂತೆ ತೋರುತ್ತದೆ. ಸಣಕಲು ಅಜ್ಜಿಗೆ ದೊಡ್ಡ ಕಫ್ ಹಾಕಿದರೆ ಇದ್ದದ್ದು ಮುಚ್ಚಿಹೋಗುತ್ತದೆ. ಕೈ ಹೃದಯದ ಮಟ್ಟಕ್ಕಿರಲಿ. 10 ಸೆಂ.ಮೀ. ಕೆಳಗೆ ಜೋತುಬಿದ್ದರೆ 7–8 ಮಿ.ಮೀ. ಹೆಚ್ಚು ಬರುತ್ತದೆ. ಕಾಲ ಮೇಲೆ ಕಾಲು ಹಾಕಿದ್ದರೆ ತೆಗೆಸಿ, 5 ನಿಮಿಷ ಕೂರಿಸಿ, ನೋಡುವಾಗ ಮಾತಾಡಿಸಬೇಡಿ. ಸ್ತನ ತೆಗೆದ ಬದಿಯ ಕೈ, ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ (ಫಿಸ್ಟುಲಾ) ಕೈ, ಡ್ರಿಪ್ ಹೋಗುತ್ತಿರುವ ಕೈ ಮುಟ್ಟಬೇಡಿ. ಡಯಲ್ ಆಪರೇಟಸ್ ಆದರೆ ಶುರು ಮಾಡುವ ಮುಂಚೆ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬೇರೆಯದನ್ನು ತನ್ನಿ.

ಪ್ರಶ್ನೆ: ಸಿಗದಿದ್ದರೆ 120/80 ಬರೆದುಬಿಡು ಎಂದು ಸೀನಿಯರ್ ಅಕ್ಕ ಹೇಳಿದರು. ಉಸಿರಾಟವಂತೂ ಚಾರ್ಟಿನಲ್ಲಿ ಎಲ್ಲರಿಗೂ 20 ಇದೆ. ಹಾಗೆ ಬರೆಯಬಹುದೇ?
– ಜಿ.ಎನ್.ಎಂ. ವಿದ್ಯಾರ್ಥಿ, ಕೆಂಗೇರಿ

ಬರೆಯಬಾರದು. ಬೇರೆ ತಪ್ಪುಗಳಿಗೆಲ್ಲ ವಿನಾಯಿತಿ ಇದೆ, ಇದಕ್ಕಿಲ್ಲ. ಅಂಕಿ ಸಿಗದಿದ್ದರೆ ಜಾಗ ಖಾಲಿ ಬಿಟ್ಟು, ‘ಸಿಸ್ಟರ್, 6ನೇ ಬೆಡ್ ಬಿಪಿ ನನಗೆ ಸಿಗ್ತಿಲ್ಲ, ಒಂದ್ಸಲ ನೋಡ್ತೀರಾ’ ಎಂದು ಕೇಳಿ. ಬಿಪಿ ಕೇಳಿಸದಿರುವುದು ನಿಮ್ಮ ಕಿವಿಯ ದೋಷವೇ ಆಗಬೇಕಿಲ್ಲ, ರೋಗಿಯ ಬಿಪಿ ನಿಜವಾಗಿ ಕುಸಿದಿದ್ದರೂ ಹಾಗೇ ಆಗುತ್ತದೆ. ನೀವು 120/80 ಬರೆದಿದ್ದರೆ ಮುಂದಿನ ಶಿಫ್ಟಿನವರು ಅದನ್ನು ನಂಬಿ ದಾಟಿಹೋಗುತ್ತಾರೆ.

ಇನ್ನೊಂದು ಮಾತು, ಟ್ಯೂಟರ್‌ಗಳಿಗೆ ಗೊತ್ತಿರುವ ಗುಟ್ಟು: ಡಯಲ್‌ನಲ್ಲಿ ಗೆರೆಗಳಿರುವುದು 2 ಮಿ.ಮೀ. ಅಂತರಕ್ಕೆ. 124 ಬರುತ್ತದೆ, 126 ಬರುತ್ತದೆ, 125 ಓದಲು ಗೆರೆಯೇ ಇಲ್ಲ, ಚಾರ್ಟಿನಲ್ಲಿ ಅದು ಕಂಡರೆ ಊಹಿಸಿ ಬರೆದದ್ದು ಎಂದು ಗೊತ್ತಾಗುತ್ತದೆ. ಇಡೀ ವಾರ್ಡಿಗೆ 110, 120, 130 ಎಂದೇ ಬಂದಿದ್ದರೂ ಅಷ್ಟೇ, ಸ್ಟೆತ್ ಕೆಲಸ ಮಾಡಿಲ್ಲ.

ಉಸಿರಾಟ ಎಣಿಸುವುದನ್ನು ರೋಗಿಗೆ ಹೇಳಬೇಡಿ. ಹೇಳಿದರೆ ಲಯ ಬದಲಾಗುತ್ತದೆ. ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನಿಂದ ಬೆರಳು ತೆಗೆಯದೆ, ಕಣ್ಣು ಎದೆ ಅಥವಾ ಹೊಟ್ಟೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಿಗೆ 12ರಿಂದ 20 ಸಹಜ. ರೋಗಿ ಹದಗೆಡುವಾಗ ಎಷ್ಟೋ ಸಲ ಬಿಪಿಗಿಂತ ಮುಂಚೆ ಏರುವುದು ಇದೇ. 25 ಮುಟ್ಟಿದರೆ ಚಾರ್ಟ್ ಪೂರ್ತಿ ಮಾಡುತ್ತಾ ಕೂರದೆ ಆಗಲೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ.

ತಪ್ಪು ಬರೆದರೆ ವೈಟ್ನರ್ ಬೇಡ. ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತಿಟ್ಟು, ಪಕ್ಕದಲ್ಲಿ ಸರಿಯಾದದ್ದು, ಸಹಿ, ಸಮಯ.

ಪ್ರಶ್ನೆ: ಮಗಳನ್ನು ನರ್ಸಿಂಗ್‌ಗೆ ಸೇರಿಸಿದರೆ ಹಾಸಿಗೆ ಹಾಸುವುದು, ಬೆಡ್ ಪ್ಯಾನ್ ಕೊಡುವುದು ಮಾಡಿಸುತ್ತಿದ್ದಾರೆ. ಇದಕ್ಕಾ ಇಷ್ಟು ಫೀಸ್ ಕಟ್ಟಿದ್ದು?
– ಒಬ್ಬ ತಂದೆ, ಪೀಣ್ಯ

ಸಿಟ್ಟು ಅರ್ಥವಾಗುತ್ತದೆ ಸಾರ್, ಆದರೆ ಇದೇ ಪಾಠ. ಮಲಗಿದಲ್ಲೇ ಇರುವ ರೋಗಿಯ ಹಾಸಿಗೆ ಬದಲಿಸುವಾಗ ಮಗ್ಗುಲಿಗೆ ಹೊರಳಿಸಲೇಬೇಕು. ಬೆನ್ನು, ಪೃಷ್ಠ, ಹಿಮ್ಮಡಿ ಕಣ್ಣಿಗೆ ಬೀಳುವುದು ಆಗಲೇ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಬಿಳಿಚದಿದ್ದರೆ ಅದು ಒತ್ತಡದ ಹುಣ್ಣಿನ ಮೊದಲ ಹಂತ. ಅಂಥ ಜಾಗವನ್ನು ತಿಕ್ಕಬಾರದು, ಸ್ಪಿರಿಟ್ ಹಚ್ಚಿ ಪೌಡರ್ ಹಾಕುವ ಹಳೆಯ ಪದ್ಧತಿಯೂ ಬೇಡ, ನಡುವೆ ತೂತಿರುವ ಗಾಳಿ ರಿಂಗೂ ಬೇಡ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರೋಗಿಯ ಸೊಂಟದಡಿ ಅಡ್ಡಲಾಗಿ ಹಾಸುವ ಡ್ರಾ ಶೀಟಿನಲ್ಲಿ ಸುಕ್ಕು ಉಳಿಯಬಾರದು, ರೋಗಿಯನ್ನು ಮೇಲಕ್ಕೆ ಸರಿಸುವಾಗ ಎಳೆಯದೆ ಇಬ್ಬರು ಸೇರಿ ಎತ್ತಬೇಕು. ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಪದರ ಹರಿಯುತ್ತದೆ. ಕೊಳೆ ಬಟ್ಟೆಯನ್ನು ಕೊಡವಬಾರದು, ಎದೆಗೆ ಅವುಚಿಕೊಳ್ಳಬಾರದು.

ಬೆಡ್ ಪ್ಯಾನ್, ಯೂರಿನ್ ಬ್ಯಾಗ್ ಕೂಡ ಹಾಗೆಯೇ. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಮೂತ್ರ ಬರುತ್ತಿದ್ದರೆ ವೈದ್ಯರಿಗೆ ಹೇಳಬೇಕಾದ ಸುದ್ದಿ ಅದು. ಅದನ್ನು ಮೊದಲು ಕಾಣುವುದು ಬ್ಯಾಗ್ ಖಾಲಿ ಮಾಡುವವರು, ನಿಮ್ಮ ಮಗಳು.

ಪ್ರಶ್ನೆ: ಇನ್ಸುಲಿನ್ ಸಿರಿಂಜಿಗೆ ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ ಎರಡೂ ಇವೆ. ಯಾವುದಾದರೂ ನಡೆಯುತ್ತದೆಯೇ?
– ವಿದ್ಯಾರ್ಥಿನಿ, ಬನಶಂಕರಿ

ನಡೆಯುವುದಿಲ್ಲ. ಕೆಂಪು ಮುಚ್ಚಳದ್ದು ಯು-40, ಅಂದರೆ 1 ಮಿ.ಲೀ.ಗೆ 40 ಯೂನಿಟ್ ಇರುವ ವಯಲ್‌ಗೆ. ಕಿತ್ತಳೆಯದ್ದು ಯು-100ಕ್ಕೆ. ನಮ್ಮಲ್ಲಿ ವಯಲ್‌ಗಳು ಹೆಚ್ಚಾಗಿ ಯು-40, ಪೆನ್ನಿನ ಕಾರ್ಟ್ರಿಜ್ ಯು-100. ಎರಡೂ ಒಂದೇ ಫ್ರಿಜ್‌ನಲ್ಲಿರುವುದರಿಂದಲೇ ಎಡವಟ್ಟು.

20 ಯೂನಿಟ್ ಆರ್ಡರ್ ಇದೆ ಎನ್ನಿ. ಯು-40 ವಯಲ್‌ನಿಂದ ಕಿತ್ತಳೆ ಸಿರಿಂಜಿನ 20ನೇ ಗೆರೆವರೆಗೆ ಎಳೆದರೆ ಬರುವುದು 0.2 ಮಿ.ಲೀ., ಸಿಗುವುದು 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ಡೋಸ್ ಏರಿಸುತ್ತಾರೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಉಲ್ಟಾ ಆದರೆ ಇನ್ನೂ ಕೆಟ್ಟದ್ದು: ಯು-100 ಕಾರ್ಟ್ರಿಜ್‌ನಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ 0.5 ಮಿ.ಲೀ., ಅಂದರೆ 50 ಯೂನಿಟ್. ಕಾರ್ಟ್ರಿಜ್‌ಗೆ ಸೂಜಿ ಚುಚ್ಚಿ ಎಳೆಯುವ ಅಭ್ಯಾಸವೇ ಬೇಡ.

ಮಂಜಾಗಿರುವ ಇನ್ಸುಲಿನ್ ಅನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿ. 30/70 ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವುದು. ಊಟದ ಗಾಡಿ ಬರುವ ಸೂಚನೆಯೇ ಇಲ್ಲದಿದ್ದರೆ ಚುಚ್ಚುವ ಮುಂಚೆ ಸಿಸ್ಟರ್‌ನ ಕೇಳಿ. ಬೆವರು, ನಡುಕ, ತೊದಲು ಕಂಡರೆ ತಕ್ಷಣ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದು ರೋಗಿ ನುಂಗುವ ಸ್ಥಿತಿಯಲ್ಲಿದ್ದರೆ 15 ಗ್ರಾಂ, ಅಂದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕದೆ ಡಾಕ್ಟರನ್ನು ಕರೆಯಿರಿ. ನೆನಪಿರಲಿ, ಮೊದಲ ವರ್ಷದವರು ಯಾವ ಇಂಜೆಕ್ಷನ್ನನ್ನೂ ಒಬ್ಬರೇ ಕೊಡುವಂತಿಲ್ಲ. ಎಳೆದ ಸಿರಿಂಜ್, ವಯಲ್, ಆರ್ಡರ್ ಮೂರನ್ನೂ ಪಕ್ಕದಲ್ಲಿ ನಿಂತವರಿಗೆ ತೋರಿಸಿಯೇ ಮುಂದೆ.

ಪ್ರಶ್ನೆ: ವಾರ್ಡಿನಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವ ರೋಗಿಗಳೇ ಜಾಸ್ತಿ. ಔಷಧಿ ಕೊಡುವಾಗ ಏನು ಕೇಳಿದರೂ ಹೂಂ ಎನ್ನುತ್ತಾರೆ.
– ವಿದ್ಯಾರ್ಥಿನಿ (ಊರು ಕಲಬುರಗಿ), ಶಿವಾಜಿನಗರ

ಹೂಂ ಎನ್ನಲು ಬರುವ ಪ್ರಶ್ನೆ ಕೇಳುವುದೇ ತಪ್ಪು. ‘ನೀವು ಲಕ್ಷ್ಮಮ್ಮ ಅಲ್ವಾ?’ ಎಂದರೆ ಕಿವಿ ಕೇಳದವರೂ ತಲೆಯಾಡಿಸುತ್ತಾರೆ. ‘ನಿಮ್ಮ ಹೆಸರು ಹೇಳಿಯಮ್ಮ’ ಎನ್ನಿ, ಕೈಪಟ್ಟಿಯ ಐ.ಪಿ. (ಒಳರೋಗಿ) ನಂಬರನ್ನು ಕೇಸ್ ಶೀಟಿನ ಜೊತೆ ತಾಳೆ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಇಬ್ಬರು ಫಾತಿಮಾ ಇರುವುದು ಬೆಂಗಳೂರಲ್ಲಿ ಅಪರೂಪವಲ್ಲ. ಬೆಡ್ ನಂಬರ್ ನಂಬಬೇಡಿ, ಕಿಟಕಿ ಪಕ್ಕ ಬೇಕೆಂದು ರೋಗಿಗಳು ಮಂಚ ಬದಲಿಸಿಕೊಂಡಿರುತ್ತಾರೆ. ಈ ಮೂರೂ ಭಾಷೆಯಲ್ಲಿ ಹೆಸರೇನು, ಎಲ್ಲಿ ನೋವು, ಮೂತ್ರ ಹೋಯಿತೇ, ಊಟ ಆಯಿತೇ, ಯಾವುದಾದರೂ ಮಾತ್ರೆ ಒಗ್ಗುವುದಿಲ್ಲವೇ ಎಂಬ ಐದು ವಾಕ್ಯ ಕಲಿತರೆ ಸದ್ಯಕ್ಕೆ ಸಾಕು. ಅಲರ್ಜಿ ವಿಚಾರಕ್ಕೆ ಮಾತ್ರ ಪಕ್ಕದ ಬೆಡ್‌ನವರ ತರ್ಜುಮೆ ನೆಚ್ಚಬೇಡಿ. ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆಯಿರಿ.

ಪ್ರಶ್ನೆ: ಡ್ರೆಸ್ಸಿಂಗ್ ನೋಡುತ್ತಾ ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಈ ಕೆಲಸ ನನಗೆ ಆಗದೇ?
– ವಿದ್ಯಾರ್ಥಿ, ಹೆಬ್ಬಾಳ

ಆಗುತ್ತದೆ. ತಿಂಡಿ ತಿನ್ನದೆ ಬಸ್ ಹಿಡಿದು ಬಂದು, ಸೆಕೆಗೆ ಅಲುಗಾಡದೆ ನಿಂತರೆ ರಕ್ತ ಕಾಲಲ್ಲಿ ಉಳಿಯುತ್ತದೆ. ಮೇಲಿಂದ ಗಾಯ ಕಂಡರೆ ನಾಡಿ ನಿಧಾನವಾಗಿ ಬಿಪಿ ಬೀಳುತ್ತದೆ. ತಿಂಡಿ ತಿನ್ನಿ, ನೀರು ಕುಡಿಯಿರಿ, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಬೆವರು, ಕಿವಿಯಲ್ಲಿ ಗುಂಯ್ ಶುರುವಾದರೆ ತೊಡೆ, ಹೊಟ್ಟೆ, ತೋಳು ಬಿಗಿಹಿಡಿದು 10–15 ಸೆಕೆಂಡ್ ಬಿಟ್ಟು ಸಡಿಲಿಸಿ, ಮತ್ತೆ ಮಾಡಿ. ನಿಲ್ಲಲಿಲ್ಲವೆಂದರೆ ಟ್ರಾಲಿಯಿಂದ ಹಿಂದಕ್ಕೆ ಸರಿದು ನೆಲದ ಮೇಲೆ ಕೂತುಬಿಡಿ. ಮರ್ಯಾದೆ ಎಂದು ನಿಂತು ಸ್ಟೆರೈಲ್ ಟ್ರೇ ಮೇಲೆ ಬೀಳುವುದಕ್ಕಿಂತ ಅದು ಮೇಲು.

ಪ್ರಶ್ನೆ: ಬಳಸಿದ ಸೂಜಿ ಚುಚ್ಚಿದರೆ?
– ಹಲವರು

ಹರಿಯುವ ನೀರು, ಸೋಪಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಸುರಿಯಬೇಡಿ. ಯಾವ ರೋಗಿಗೆ ಬಳಸಿದ್ದು ಎಂದು ಗುರುತಿಟ್ಟುಕೊಂಡು ಟ್ಯೂಟರ್‌ಗೂ ಇನ್‌ಚಾರ್ಜ್‌ಗೂ ಆಗಲೇ ಹೇಳಿ. ಬೈಗುಳಕ್ಕೆ ಹೆದರಿ ಹಾಸ್ಟೆಲಿಗೆ ಹೋಗಿ ಮಲಗುವವರಿಂದಲೇ ಸಮಯ ಹಾಳಾಗುವುದು. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಶುರು ಮಾಡಿದರೆ 28 ದಿನ ತಪ್ಪಿಸುವಂತಿಲ್ಲ. ಎಚ್‌ಐವಿ ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೂ ಅದು ಹರಡುವ ಸಾಧ್ಯತೆ ಸುಮಾರು ಶೇ. 0.3 ಮಾತ್ರ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಹರಡುವ ಸಾಧ್ಯತೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ಹೆಪಟೈಟಿಸ್ ಬಿ ಲಸಿಕೆಯ 0, 1, 6 ತಿಂಗಳ ಮೂರು ಡೋಸ್‌ಗಳಲ್ಲಿ ಎಷ್ಟಾಗುತ್ತದೋ ಅಷ್ಟನ್ನು ಪೋಸ್ಟಿಂಗ್‌ಗೆ ಮುಂಚೆಯೇ ಮುಗಿಸಿ, ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ನೋಡಿಸಿ. 10 ಅಥವಾ ಹೆಚ್ಚಿರಬೇಕು.

ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗುವಾಗ ಬಹಳ ಸಲ ಚುಚ್ಚುತ್ತದೆ. ಕ್ಯಾಪ್ ಹಾಕದೆ ನೇರ ಸೂಜಿ ಕತ್ತರಿಸುವ ಹಬ್ ಕಟರ್‌ಗೆ ಒಯ್ಯಿರಿ. ಸೂಜಿ ಬಿಳಿ ಡಬ್ಬಿಗೆ, ಸಿರಿಂಜಿನ ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ, ಗಾಜಿನ ಆಂಪೂಲ್ ನೀಲಿಗೆ. ಬಿಳಿ ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಿಸಿ. ಒಳಗೆ ಕೈ ಹಾಕಿ ಅದುಮಬೇಡಿ.

ಪ್ರಶ್ನೆ: ಡೆಂಗಿ ಜ್ವರದಿಂದ ಪೋಸ್ಟಿಂಗ್ ತಪ್ಪಿದೆ. ಹಾಜರಾತಿ ಶೇ. 80 ಇದ್ದರೆ ಸಾಕಲ್ಲವೇ?
– ವಿದ್ಯಾರ್ಥಿನಿ, ವಿಜಯನಗರ

ಶೇ. 80 ಎನ್ನುವುದು ಥಿಯರಿಗೆ. ಕ್ಲಿನಿಕಲ್ ಹಾಜರಾತಿ ಪದವಿ ಸಿಗುವ ಮುಂಚೆ ಶೇ. 100 ಆಗಲೇಬೇಕು, ತಪ್ಪಿದ ಗಂಟೆಗಳನ್ನು ರಜೆಯಲ್ಲಾದರೂ ತುಂಬಿಕೊಡಬೇಕು. ಡಾಕ್ಟರ್ ಸರ್ಟಿಫಿಕೇಟ್ ಇಟ್ಟುಕೊಂಡು ಈಗಲೇ ಕ್ಲಾಸ್ ಕೋಆರ್ಡಿನೇಟರ್ ಹತ್ತಿರ ದಿನಾಂಕ ಕೇಳಿ. ಲಾಗ್ ಬುಕ್ಕಿಗೆ ಅಂದಿನ ಸಹಿ ಅಂದೇ ಹಾಕಿಸಿ. ಟ್ಯೂಟರ್ ಬೇರೆ ವಾರ್ಡಿಗೆ ಹೋದ ಮೇಲೆ ನೀವು ಮಾಡಿದ್ದಕ್ಕೆ ಸಾಕ್ಷಿ ಸಿಗುವುದು ಕಷ್ಟ.