ಪಾರ್ಕಿನ್ಸನ್ ಇರುವವರು ಏದುಸಿರು ಬರುವಷ್ಟು ವ್ಯಾಯಾಮ ಮಾಡಬಹುದೇ?

ಪ್ರಶ್ನೆ: ನನ್ನ ತಂದೆಗೆ 62 ವರ್ಷ. ಕಳೆದ ವರ್ಷ ಬಲಗೈ ನಡುಗತೊಡಗಿದಾಗ ನರರೋಗ ತಜ್ಞರು ಪಾರ್ಕಿನ್ಸನ್ ಎಂದು ತಿಳಿಸಿ ಲೆವೊಡೋಪಾ ಮಾತ್ರೆ ಕೊಟ್ಟಿದ್ದಾರೆ. ರಾತ್ರಿ ಊಟದ ನಂತರ ಅಂಗಳದಲ್ಲಿ ಅರ್ಧ ಗಂಟೆ ಅಡ್ಡಾಡುತ್ತಾರೆ. ಅದು ಸಾಲದು, ಬೆವರು ಕಿತ್ತು ಬರುವಂತೆ ಸೈಕಲ್ ತುಳಿಯಬೇಕು, ಮಿದುಳಿಗೂ ಅದು ಒಳ್ಳೆಯದು ಎಂದು ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ಅಮ್ಮ ಮಾತ್ರ ‘ಮೊದಲೇ ಕೈ ನಡುಗುತ್ತದೆ, ಇನ್ನಷ್ಟು ದಣಿಸಬೇಡಿ’ ಎನ್ನುತ್ತಾರೆ. ಯಾರ ಮಾತು ಕೇಳಬೇಕು?
– ಓದುಗರು, ಸಾಗರ

ಉತ್ತರ: ಫಿಸಿಯೋಥೆರಪಿಸ್ಟ್ ಹೇಳಿದಂತೆ ಮಾಡಿ, ಆದರೆ ತಾಯಿಯವರ ಆತಂಕವನ್ನು ತಳ್ಳಿಹಾಕಬೇಡಿ. ದಣಿವಾದಾಗ ನಡುಕ ಸ್ವಲ್ಪ ಹೊತ್ತು ಜೋರಾಗುವುದನ್ನು ಅವರು ಕಣ್ಣಾರೆ ಕಂಡಿರಬೇಕು. ಅದು ವಿಶ್ರಾಂತಿಯಿಂದ ಇಳಿಯುತ್ತದೆ. ಕಾಯಿಲೆ ಉಲ್ಬಣಿಸಿದ್ದರ ಗುರುತು ಅದಲ್ಲ.

ಈ ಕಾಯಿಲೆಯಲ್ಲಿ ನಡುಮಿದುಳಿನ ಕಪ್ಪು ಛಾಯೆಯ ಒಂದು ಭಾಗದಲ್ಲಿ ಚಲನೆಯನ್ನು ಹತೋಟಿಯಲ್ಲಿಡಲು ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಕ್ರಮೇಣ ನಶಿಸುತ್ತವೆ. ಲೆವೊಡೋಪಾ ಆ ಕೊರತೆಯನ್ನು ತುಂಬಿಕೊಡುತ್ತದೆಯೇ ಹೊರತು ಕೋಶಗಳ ನಾಶವನ್ನು ನಿಲ್ಲಿಸುವುದಿಲ್ಲ, ನಿಲ್ಲಿಸುತ್ತದೆ ಎಂದು ಸಾಬೀತಾದ ಔಷಧ ಈವರೆಗೆ ಬಂದಿಲ್ಲ. ವ್ಯಾಯಾಮದತ್ತ ವೈದ್ಯರು ಇಷ್ಟು ಆಸೆಯಿಂದ ನೋಡುತ್ತಿರುವುದು ಅದಕ್ಕಾಗಿಯೇ.

ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸ್ಪಾರ್ಕ್ಸ್’ ಅಧ್ಯಯನದಲ್ಲಿ, ಇನ್ನೂ ಮಾತ್ರೆ ಆರಂಭಿಸದ 128 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪು ಗರಿಷ್ಠ ಹೃದಯಬಡಿತದ ಶೇ 80–85ರಷ್ಟು ಏರುವಂತೆ, ಇನ್ನೊಂದು ಶೇ 60–65ರಷ್ಟು ಏರುವಂತೆ ವಾರಕ್ಕೆ ನಾಲ್ಕು ದಿನ ಟ್ರೆಡ್‌ಮಿಲ್ ಮೇಲೆ ನಡೆಯಬೇಕೆಂದು ಗೊತ್ತುಪಡಿಸಿ, ಮೂರನೆಯ ಗುಂಪನ್ನು ಎಂದಿನ ಆರೈಕೆಯಲ್ಲೇ ಬಿಟ್ಟಿದ್ದರು. ಆರು ತಿಂಗಳಾದ ಮೇಲೆ ಚಲನೆಯ ತೊಂದರೆಯನ್ನು ಅಳೆಯುವ ಅಂಕ ಮೂರನೆಯ ಗುಂಪಿನಲ್ಲಿ ಸುಮಾರು 3ರಷ್ಟು ಏರಿತ್ತು, ಎಂದರೆ ಕಾಯಿಲೆ ಅಷ್ಟು ಮುಂದುವರಿದಿತ್ತು. ಜೋರಾಗಿ ನಡೆದವರಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಸಾಧಾರಣ ವೇಗದವರಿಗೆ ಅಷ್ಟು ಫಲ ಸಿಗಲಿಲ್ಲ. ಊಟದ ನಂತರದ ಅಡ್ಡಾಟ ಸಾಲದೆನ್ನಲು ಇದೇ ಕಾರಣ.

ಮಿದುಳಿನ ವಿಷಯಕ್ಕೆ ಬಂದರೆ, ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿ ಮನೆಯಲ್ಲೇ ಆರು ತಿಂಗಳು ಸೈಕಲ್ ತುಳಿದವರಲ್ಲಿ ಕೆಲವರ ಎಂಆರ್‌ಐ ನೋಡಿದಾಗ, ಬರಿಯ ಸ್ಟ್ರೆಚಿಂಗ್ ಮಾಡಿದವರಿಗಿಂತ ಅವರ ಮಿದುಳು ಕುಗ್ಗಿದ್ದು ಕಡಿಮೆಯಿತ್ತು. ಯೇಲ್ ವಿಶ್ವವಿದ್ಯಾಲಯದವರು 2024ರಲ್ಲಿ, ಆರು ತಿಂಗಳ ತೀವ್ರ ವ್ಯಾಯಾಮದ ನಂತರ ಡೋಪಮೈನ್ ಕೋಶಗಳ ಸಂಕೇತ ಸ್ಕ್ಯಾನ್‌ನಲ್ಲಿ ಕುಗ್ಗುವ ಬದಲು ಹೆಚ್ಚಿತ್ತೆಂದು ವರದಿ ಮಾಡಿದರು. ಆದರೆ ಅಲ್ಲಿದ್ದವರು ಹತ್ತೇ ಜನ, ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ಇಷ್ಟರಿಂದಲೇ ‘ವ್ಯಾಯಾಮ ಕಾಯಿಲೆಯನ್ನು ನಿಲ್ಲಿಸುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ನೆಚ್ಚಿ ಮಾತ್ರೆ ಬಿಡಲೂಬೇಡಿ.

ಮೊದಲು ಇಸಿಜಿ ಮಾಡಿಸಿ, ವೈದ್ಯರು ಹೇಳಿದರೆ ಟಿಎಂಟಿಯನ್ನೂ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿ. 220ರಲ್ಲಿ ವಯಸ್ಸನ್ನು ಕಳೆಯುವ ರೂಢಿಯ ಲೆಕ್ಕದಲ್ಲಿ ತಂದೆಯವರ ಗರಿಷ್ಠ ಬಡಿತ 158. ಅದರ ಶೇ 80–85 ಎಂದರೆ 126ರಿಂದ 134. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಾಡಿ ಅಷ್ಟು ಏರುವುದಿಲ್ಲ, ಕೆಲವರಲ್ಲಿ ಕಾಯಿಲೆಯೇ ಅದನ್ನು ಏರಗೊಡುವುದಿಲ್ಲ. ಆಗ ಉಸಿರನ್ನೇ ಅಳತೆಯಾಗಿ ಇಟ್ಟುಕೊಳ್ಳಿ: ನಾಲ್ಕು ಮಾತಾಡುವಷ್ಟರಲ್ಲಿ ಉಸಿರೆಳೆದುಕೊಳ್ಳಬೇಕಾಗಿ ಬಂದರೆ ಸರಿಯಾದ ಮಟ್ಟ. ಆ ಮಟ್ಟವನ್ನು ಐದಾರು ವಾರಗಳಲ್ಲಿ ಮುಟ್ಟಿದರೆ ಸಾಕು, ಮೊದಲ ದಿನವೇ ಅಲ್ಲ. ಎದೆ ಬಿಗಿದರೆ ಅಥವಾ ಕಣ್ಣು ಕತ್ತಲಿಟ್ಟರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ರಾತ್ರಿ ಊಟದ ನಂತರ ಬೇಡ. ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತನ್ನು ಅವರನ್ನೇ ಕೇಳಿ ಆರಿಸಿಕೊಳ್ಳಿ.

ನನ್ನಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರು ಜಗಲಿಯಲ್ಲಿ ವ್ಯಾಯಾಮದ ಸೈಕಲ್ ಇಟ್ಟುಕೊಂಡು ವಾರದೊಳಗೆ ಬಿಟ್ಟುಬಿಟ್ಟಿದ್ದರು. ಸೋಮಾರಿತನ ಎಂದು ಮನೆಯವರ ದೂರು. ತುಳಿಸಿ ನೋಡಿದಾಗ, ಕಾಯಿಲೆಯಿದ್ದ ಬದಿಯ ಕಾಲು ಹವಾಯಿ ಚಪ್ಪಲಿಯ ಸಮೇತ ಪೆಡಲ್‌ನಿಂದ ಮತ್ತೆ ಮತ್ತೆ ಜಾರುತ್ತಿತ್ತು. ಬೂಟು ಹಾಕಿಸಿ, ಪೆಡಲ್‌ಗೆ ಪಟ್ಟಿ ಕಟ್ಟಿಸಿದ ಮೇಲೆ ಈಗ ಅರ್ಧ ಗಂಟೆ ತುಳಿಯುತ್ತಾರೆ.

ಪ್ರಶ್ನೆ: ನನಗೆ 71 ವರ್ಷ, ಪಾರ್ಕಿನ್ಸನ್ ಬಂದು ಹತ್ತು ವರ್ಷವಾಯಿತು. ಬಾಗಿಲ ಬಳಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ನನಗೂ ಟ್ರೆಡ್‌ಮಿಲ್ ಆದೀತೇ?
– ಓದುಗರು, ಗದಗ

ಉತ್ತರ: ಒಬ್ಬರೇ ಇದ್ದಾಗ ಟ್ರೆಡ್‌ಮಿಲ್ ಹತ್ತಬೇಡಿ. ಅಚ್ಚರಿಯೆಂದರೆ ನಡೆಯಲು ಕಾಲು ಏಳದವರೂ ಸೈಕಲ್ ತುಳಿಯಬಲ್ಲರು. ಎರಡು ಹೆಜ್ಜೆ ಇಡಲು ಒದ್ದಾಡುತ್ತಿದ್ದ 58 ವರ್ಷದ ರೋಗಿಯೊಬ್ಬರು ಬೈಸಿಕಲ್ ಏರಿ ಸರಾಗವಾಗಿ ಹೋದದ್ದನ್ನು ನೆದರ್‌ಲ್ಯಾಂಡ್ಸ್‌ನ ವೈದ್ಯರು 2010ರಲ್ಲಿ ವಿಡಿಯೊ ಸಮೇತ ಪ್ರಕಟಿಸಿದ್ದರು. ನೀವು ರಸ್ತೆಗಿಳಿಯದೆ, ಬೆನ್ನಿಗೆ ಒರಗು ಇರುವ ವ್ಯಾಯಾಮದ ಸೈಕಲ್ ಬಳಸಿ. ಹತ್ತುವಾಗ, ಇಳಿಯುವಾಗ ಮನೆಯವರೊಬ್ಬರು ಪಕ್ಕದಲ್ಲಿರಲಿ. ಬಾಗಿಲ ಬಳಿ ನೆಲಕ್ಕೆ ಅಡ್ಡಡ್ಡವಾಗಿ ಬಣ್ಣದ ಟೇಪ್ ಅಂಟಿಸಿ, ಒಂದೊಂದು ಗೆರೆಯನ್ನೂ ದಾಟುವಂತೆ ಹೆಜ್ಜೆಯಿಟ್ಟು ನೋಡಿ.