ಶವದ ಸುಳಿವು ಕೊಡದ ಕೊಲೆಗಾರನಿಗೆ ಬಿಡುಗಡೆ ಸಿಗಬಹುದೇ?

ಪ್ರಶ್ನೆ: ಬ್ರಿಟನ್ನಿನಲ್ಲಿ ‘ಹೆಲೆನ್ ಕಾನೂನು’ ಎಂಬುದಿದ್ದು, ಕೊಂದವನು ಶವವನ್ನು ಎಲ್ಲಿ ಅಡಗಿಸಿದ್ದೇನೆಂದು ಹೇಳುವವರೆಗೆ ಅವನಿಗೆ ಬಿಡುಗಡೆಯೇ ಇಲ್ಲವೆಂದು ಓದಿದೆ. ಇದು ನಿಜವೇ? ತಪ್ಪನ್ನೇ ಮಾಡದೆ ಶಿಕ್ಷೆಗೊಳಗಾದವನ ಗತಿಯೇನು? ನಮ್ಮಲ್ಲಿ ಇಂಥ ನಿಯಮ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಓದಿದ್ದು ಅರ್ಧ ನಿಜ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಜನವರಿಯಿಂದ ಜಾರಿಯಲ್ಲಿರುವ ಈ ಕಾನೂನು ಬಿಡುಗಡೆಯನ್ನು ನಿಷೇಧಿಸುವುದಿಲ್ಲ. ಶವದ ಬಗ್ಗೆ ಕೈದಿಯು ತನಗೆ ತಿಳಿದಿರುವುದನ್ನು ಮುಚ್ಚಿಟ್ಟಿದ್ದಾನೆಂದು, ಅವನನ್ನು ಬಿಡುಗಡೆ ಮಾಡಬಹುದೇ ಎಂದು ತೀರ್ಮಾನಿಸುವ ಪೆರೋಲ್ ಮಂಡಳಿಗೆ ಮನವರಿಕೆಯಾದರೆ, ಆ ಮೌನವನ್ನೂ ಅದರ ಹಿಂದಿರುವ ಕಾರಣವನ್ನೂ ತೀರ್ಮಾನದ ವೇಳೆ ಪರಿಗಣಿಸಲೇಬೇಕು ಎಂದಷ್ಟೇ ಅದು ವಿಧಿಸುತ್ತದೆ. ಮಂಡಳಿ ಮೊದಲೂ ಇದನ್ನು ಪರಿಗಣಿಸುತ್ತಿತ್ತು. ಈಗ ಅದು ಶಾಸನಬದ್ಧ ಕರ್ತವ್ಯ. ಮಕ್ಕಳ ಅಶ್ಲೀಲ ಚಿತ್ರ ತೆಗೆದು, ಆ ಮಕ್ಕಳು ಯಾರೆಂದು ಹೇಳದವರಿಗೂ ಇದು ಅನ್ವಯಿಸುತ್ತದೆ.

ಕಾನೂನಿಗೆ ಹೆಸರು ಕೊಟ್ಟ ಹೆಲೆನ್ ಮೆಕೋರ್ಟ್ 22 ವರ್ಷದ ಯುವತಿ. 1988ರ ಫೆಬ್ರುವರಿಯಲ್ಲಿ, ಕೆಲಸ ಮುಗಿಸಿ ಬಿಲಿಂಜ್ ಎಂಬ ತನ್ನ ಊರಿಗೆ ಮರಳುವಾಗ ಕಾಣೆಯಾದಳು. ಅಲ್ಲಿನ ಮದ್ಯದಂಗಡಿ ನಡೆಸುತ್ತಿದ್ದ ಇಯಾನ್ ಸಿಮ್ಸ್‌ಗೆ 1989ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಶವವಿಲ್ಲದಿದ್ದರೂ ಡಿಎನ್‌ಎ ಸಾಕ್ಷ್ಯದ ಬಲದಿಂದ ಶಿಕ್ಷೆಯಾದ ಬ್ರಿಟನ್ನಿನ ಆರಂಭಿಕ ಪ್ರಕರಣಗಳಲ್ಲಿ ಇದೂ ಒಂದು. ಹೆಲೆನಳ ತಾಯಿ ಮೇರಿ ವರ್ಷಗಟ್ಟಲೆ ಹೋರಾಡಿ ಈ ಕಾನೂನು ತರಿಸಿದರು. ಆದರೆ ಅದು ಅಂಗೀಕಾರವಾಗುವ ಕೆಲವು ತಿಂಗಳು ಮೊದಲೇ, 2020ರ ಫೆಬ್ರುವರಿಯಲ್ಲಿ, ಸಿಮ್ಸ್ ಹೊರಬಂದಿದ್ದ. ತಾನು ನಿರಪರಾಧಿಯೆಂದೇ ಹೇಳುತ್ತಿದ್ದ ಅವನು 2022ರಲ್ಲಿ ಏನನ್ನೂ ತಿಳಿಸದೆ ಸತ್ತ.

‘ಶವವಿಲ್ಲದಿದ್ದರೆ ಪೆರೋಲಿಲ್ಲ’ ಎಂಬ ಕಟ್ಟುನಿಟ್ಟಿನ ನಿಯಮವಿರುವುದು ಆಸ್ಟ್ರೇಲಿಯಾದಲ್ಲಿ. ದಕ್ಷಿಣ ಆಸ್ಟ್ರೇಲಿಯಾ 2015ರಲ್ಲಿ ದಾರಿ ತೋರಿತು. ಕ್ವೀನ್ಸ್‌ಲ್ಯಾಂಡ್ 2017ರಲ್ಲಿ ಹಿಂಬಾಲಿಸಿತು. ನಲವತ್ತು ವರ್ಷ ಹಿಂದೆ ಕಾಣೆಯಾದ ಲಿನೆಟ್ ಡಾಸನ್ ಕೊಲೆ ಪ್ರಕರಣದ ತೀರ್ಪು ಬಂದ 2022ರಲ್ಲಿ ನ್ಯೂ ಸೌತ್ ವೇಲ್ಸ್ ಕೂಡ ಅದೇ ಹಾದಿ ಹಿಡಿಯಿತು. ಅಲ್ಲಿ ಕೈದಿ ತೃಪ್ತಿಕರವಾಗಿ ಸಹಕರಿಸಿದ್ದಾನೆಂದು ಮಂಡಳಿಗೆ ಖಚಿತವಾಗಬೇಕು, ಇಲ್ಲವಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಶವ ಸಿಗಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿ. ನದಿಗೆಸೆದದ್ದನ್ನು, ಸುಟ್ಟದ್ದನ್ನು, ದಶಕಗಳ ಹಿಂದೆ ಕತ್ತಲಲ್ಲಿ ಹೂತದ್ದನ್ನು ಪ್ರಾಮಾಣಿಕನಾದವನೂ ಕರಾರುವಾಕ್ಕಾಗಿ ತೋರಿಸಲಾರ. ಬ್ರಿಟನ್ನಿನಲ್ಲಿ 1969ರಲ್ಲಿ ಅಪಹರಣಕ್ಕೊಳಗಾಗಿ ಕೊಲೆಯಾದ ಮ್ಯೂರಿಯಲ್ ಮೆಕೇ ಪ್ರಕರಣದಲ್ಲಿ, ಅಪರಾಧಿಯೊಬ್ಬ ಅರ್ಧ ಶತಮಾನದ ನಂತರ ಜಾಗ ಹೇಳಿದ ಮೇಲೆ 2024ರಲ್ಲಿ ಪೊಲೀಸರು ಆ ಹೊಲವನ್ನು ಅಗೆದರು; ಏನೂ ಸಿಗಲಿಲ್ಲ.

ನಿರಪರಾಧಿಯ ಬಗ್ಗೆ ನಿಮ್ಮ ಆತಂಕ ಕಾಲ್ಪನಿಕವಲ್ಲ. ಮಾಡದ ಅತ್ಯಾಚಾರಕ್ಕಾಗಿ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಆಂಡ್ರ್ಯೂ ಮಾಲ್ಕಿನ್ಸನ್ ತಪ್ಪೊಪ್ಪಿಕೊಳ್ಳಲು ನಿರಾಕರಿಸಿದ್ದರಿಂದ ಕನಿಷ್ಠ ಅವಧಿಗಿಂತ ಎಷ್ಟೋ ಹೆಚ್ಚು, ಒಟ್ಟು 17 ವರ್ಷ ಜೈಲಿನಲ್ಲಿ ಕಳೆದು, 2023ರಲ್ಲಿ ದೋಷಮುಕ್ತರಾದರು. ಗೊತ್ತೇ ಇಲ್ಲದ ಸಮಾಧಿಯ ವಿಳಾಸವನ್ನು ಅಂಥವರಿಂದ ಕೇಳುವುದೆಂದರೆ ತಪ್ಪು ತೀರ್ಪಿಗೆ ಬೀಗ ಜಡಿದಂತೆ. ಮೌನದ ಕಾರಣವನ್ನೂ ತೂಗಿ ನೋಡಲು ಅವಕಾಶವಿರುವ ಇಂಗ್ಲೆಂಡಿನ ಮಾದರಿಯೇ, ನೊಂದ ಕುಟುಂಬಗಳಿಗೆ ಸಪ್ಪೆಯೆನಿಸಿದರೂ, ನನಗೆ ಮೇಲೆನಿಸುತ್ತದೆ.

ಇನ್ನು ನಮ್ಮಲ್ಲಿ. ಭಾರತದಲ್ಲಿ ಪೆರೋಲ್ ಎಂದರೆ ಕೆಲವು ದಿನಗಳ ತಾತ್ಕಾಲಿಕ ಬಿಡುಗಡೆ. ನೀವು ಕೇಳುತ್ತಿರುವುದಕ್ಕೆ ಹತ್ತಿರವಾದದ್ದು ಅವಧಿಪೂರ್ವ ಬಿಡುಗಡೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 473ನೇ ಕಲಮಿನಡಿ ರಾಜ್ಯ ಸರ್ಕಾರಗಳು ಶಿಕ್ಷೆ ಕಡಿತಗೊಳಿಸಬಹುದಾದರೂ, ಕೊಲೆಗೆ ಜೀವಾವಧಿ ಶಿಕ್ಷೆ ಪಡೆದವನು ಸಾಮಾನ್ಯವಾಗಿ ಕನಿಷ್ಠ 14 ವರ್ಷ ಸೆರೆಯಲ್ಲಿರಬೇಕೆಂದು 475ನೇ ಕಲಮು ಹೇಳುತ್ತದೆ. ಬಿಡುಗಡೆಗೆ ಮುನ್ನ ನೋಡಬೇಕಾದ ಅಂಶಗಳನ್ನು ಸುಪ್ರೀಂ ಕೋರ್ಟ್ 2000ದ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಪಟ್ಟಿ ಮಾಡಿದೆ: ಕೃತ್ಯ ಸಮಾಜದ ಮೇಲೆ ಬೀರಿದ ಪರಿಣಾಮ, ಮತ್ತೆ ಅಪರಾಧ ಎಸಗುವ ಸಂಭವ, ಕುಟುಂಬದ ಸ್ಥಿತಿ ಮುಂತಾದವು. ಶವದ ಸುಳಿವು ಆ ಪಟ್ಟಿಯಲ್ಲಿಲ್ಲ.

ಶವವಿಲ್ಲದೆಯೂ ಕೊಲೆ ಸಾಬೀತಾಗಬಹುದೆಂಬುದು ನಮ್ಮಲ್ಲೂ 1981ರ ರಾಮಾನಂದ್ ತೀರ್ಪಿನಿಂದ ಸ್ಪಷ್ಟವಾಗಿದೆ. ಬಾಯಿ ಬಿಡಿಸಲು ಬಲವಂತದ ಮಂಪರು ಪರೀಕ್ಷೆ ನಡೆಸುವಂತಿಲ್ಲವೆಂದು 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣ ತೀರ್ಮಾನಿಸಿದೆ. ಹೀಗಾಗಿ ಪ್ರತ್ಯೇಕ ಕಾನೂನಿಗಿಂತ, ರಾಜ್ಯದ ಅವಧಿಪೂರ್ವ ಬಿಡುಗಡೆಯ ಮಾರ್ಗಸೂಚಿಗೆ ಶವದ ಸುಳಿವಿನ ಅಂಶವೊಂದನ್ನು ಸೇರಿಸುವುದು ಸುಲಭ ಮತ್ತು ಸುರಕ್ಷಿತ ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ, ಬಿಡುಗಡೆಯ ಪ್ರಸ್ತಾವವಿದೆಯೆಂದು ತಿಳಿದ ಕುಟುಂಬದವರು ಶವ ಇನ್ನೂ ಸಿಕ್ಕಿಲ್ಲವೆಂಬ ಸಂಗತಿಯನ್ನು ಗೃಹ ಇಲಾಖೆಗೂ ಕಾರಾಗೃಹದ ಅಧಿಕಾರಿಗಳಿಗೂ ಲಿಖಿತವಾಗಿ ಸಲ್ಲಿಸಬಹುದು. ಬಿಡುಗಡೆಯ ಆದೇಶ ಕಾನೂನಿಗೆ ವಿರುದ್ಧವಾಗಿದ್ದರೆ ನ್ಯಾಯಾಲಯದ ಮೊರೆಹೋಗುವ ದಾರಿಯೂ ತೆರೆದಿದೆ. ಬಿಲ್ಕಿಸ್ ಬಾನು ಪ್ರಕರಣದಲ್ಲಿ ಸಂತ್ರಸ್ತೆಯೇ ಪ್ರಶ್ನಿಸಿದ ಬಿಡುಗಡೆಯ ಆದೇಶ 2024ರ ಜನವರಿಯಲ್ಲಿ ರದ್ದಾಯಿತು.