ಟೆಂಪೋ ಡ್ರೈವರನ್ನು ಕೇಳಿದಿರಾ?

ಪೀಣ್ಯದಲ್ಲಿ ಮೆಷಿನ್ ಶಾಪ್ ಇಟ್ಟಿರುವ ಓದುಗರೊಬ್ಬರು ಬರೆದಿದ್ದಾರೆ: ‘ಬೈಕ್ ಎಂಜಿನ್ನಿನ ಬಿಡಿಭಾಗ ಮಾಡುತ್ತೇವೆ. ಎಲೆಕ್ಟ್ರಿಕ್ ಗಾಡಿ ಬಂದಮೇಲೆ ಆರ್ಡರ್ ಇಳಿಯುತ್ತಿದೆ. ಮೂರು ತಿಂಗಳಿಗೊಮ್ಮೆ ಪ್ಲಾನ್ ಬದಲಿಸಬೇಕು, ಕನ್ಸಲ್ಟೆಂಟ್ ಕರೆಸೋಣ ಅನ್ನುತ್ತಾನೆ ಎಂಬಿಎ ಓದಿದ ಮಗ. ನನಗೆ ನಮ್ಮ ಹಳೇ ಆಪರೇಟರ್‌ಗಳ ಮೇಲೇ ನಂಬಿಕೆ. ಯಾರು ಸರಿ?’

ಮಗ ಹೇಳುವುದರಲ್ಲಿ ಸುಳ್ಳಿಲ್ಲ ಸ್ವಾಮಿ. ಎಂಜಿನ್ನೇ ಇಲ್ಲದ ಗಾಡಿಗೆ ಪಿಸ್ಟನ್ ಪಿನ್ ಯಾರು ಕೊಳ್ಳುತ್ತಾರೆ? ಅವನ ಪಾಲಿಗೆ ಇಷ್ಟು ಸಾಕು.

ಬೇಗ ಬದಲಾದವರೇ ಉಳಿದರು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಎಚ್‌ಎಂಟಿಯನ್ನೇ ನೋಡಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಈ ಊರಲ್ಲೇ ವಾಚ್ ಮಾಡಲು ಶುರು ಮಾಡಿತು. ಕ್ವಾರ್ಟ್ಜ್ ವಾಚನ್ನೂ ಟೈಟನ್‌ಗಿಂತ ಮೊದಲೇ ತಂದಿತ್ತು. ಹೊಸದು ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ, ಅಲ್ವಾ? ಆದರೆ ಜನ ಉಡುಗೊರೆಗೂ ಅಂದಕ್ಕೂ ವಾಚ್ ಕೊಳ್ಳುತ್ತಾರೆ ಅನ್ನುವುದನ್ನು ಹಿಡಿದದ್ದು ಟೈಟನ್. ಚೆಂದದ ಶೋರೂಂ ತೆರೆದು ಮಾರಿತು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಕೌಂಟರಿನಲ್ಲಿ ನಿಂತವನ ಮಾತು ಮೇಲಿನವರ ಕಿವಿಗೆ ಬೀಳಲಿಲ್ಲ ಅನ್ನುವುದು ನನ್ನ ಗುಮಾನಿ.

ಎಂಟಿಆರ್ ಕತೆ ಬೇರೆ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಅಲ್ಲಿನ ಅಡುಗೆಮನೆ ರವೆ ಇಡ್ಲಿ ಮಾಡಿತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ಇಳಿಸಿದಾಗ, ಮಿಕ್ಸ್ ಪೊಟ್ಟಣಗಳಿಗೆ ಕೈಹಾಕಿದರು. ಕೈ ಹಿಡಿದದ್ದು ಒಲೆ ಮುಂದಿನ ಅನುಭವ, ಸ್ಲೈಡ್ ಅಲ್ಲ.

ಈಗ ನಿಮಗೊಂದು ಮಾತು. ಆಪರೇಟರ್‌ಗಳ ಮೇಲೆ ನಂಬಿಕೆ ಅಂದಿರಿ, ಅವರು ಏನಂದರು ಅಂತ ಒಂದು ಸಾಲೂ ಬರೆದಿಲ್ಲ! ನಿಮ್ಮ ಮಾಲು ಸಾಗಿಸುವ ಟೆಂಪೋ ಡ್ರೈವರನ್ನು ಟೀ ಕುಡಿಸಿ ಕೇಳಿ. ಗಿರಾಕಿ ಕಂಪನಿಯ ಸ್ಟೋರಿನಲ್ಲಿ ನಿಮ್ಮ ಹೋದ ತಿಂಗಳ ಕ್ರೇಟು ಬಿಚ್ಚದೆ ಕೂತಿದೆಯೇ, ಪಕ್ಕದ ಗಾಡಿಯಿಂದ ಎಲೆಕ್ಟ್ರಿಕ್ ಗಾಡಿಯ ಮೋಟಾರ್ ಹೌಸಿಂಗ್, ಅಂದರೆ ಮೋಟಾರಿನ ಹೊರಕವಚ, ಇಳಿಯುತ್ತಿದೆಯೇ, ಯಾರ ಮಾಲು ವಾಪಸ್ ಬಂತು, ಎಲ್ಲ ಅವನಿಗೆ ಗೊತ್ತು. ನಿಮ್ಮ ಕಂಪ್ಯೂಟರಿಗೆ ಗೊತ್ತಾಗುವ ಮೊದಲೇ ಗೊತ್ತು.

ಈ ಊರಿನ ದೊಡ್ಡ ಕಂಪನಿಗಳ ರೋಗವೂ ಇದೇ. ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಎರಡು ದಿನ ಬಫೆ ತಿಂದು ಸ್ಟ್ರಾಟೆಜಿ ಬರೆದುಕೊಂಡು ಬರುತ್ತಾರೆ. ಮೀಟಿಂಗ್ ಪೂರ್ತಿ ಇಂಗ್ಲಿಷ್. ಲೇತ್ ಮುಂದೆ ಕೂದಲು ಹಣ್ಣಾದವರು ಹಿಂದಿನ ಸಾಲಿನಲ್ಲಿ ಸುಮ್ನೆ ತಲೆಯಾಡಿಸಿ ಎದ್ದು ಬರುತ್ತಾರೆ. ನಾನು ನೋಡಿದ ಒಂದು ಕಾರ್ಖಾನೆಯಲ್ಲಿ ಸಲಹೆ ಪೆಟ್ಟಿಗೆ ಇತ್ತು. ಬೀಗ ತುಕ್ಕು ಹಿಡಿದು, ಕೀಲಿ ಯಾರ ಹತ್ತಿರ ಅಂತ ಮ್ಯಾನೇಜರಿಗೇ ಗೊತ್ತಿರಲಿಲ್ಲ. ಇವರಿಗೆ ಮಾರುಕಟ್ಟೆ ದಿಢೀರ್ ಬದಲಾಯಿತಂತೆ!

ಮಗನನ್ನು ಒಂದು ವಾರ ಟೆಂಪೋದಲ್ಲಿ ಕೂರಿಸಿ ಕಳಿಸಿ. ಕನ್ಸಲ್ಟೆಂಟ್ ಬೇಕಿದ್ದರೆ ಆಮೇಲೆ ಬರಲಿ.